ನೀರು, ಕಲ್ಲು, ಕಾಲ: ಕಾಂಕ್ರೀಟಿನ ಕುಗ್ಗುವಿಕೆ ಮತ್ತು ಕ್ರೀಪ್ ತಗ್ಗಿಸಲು ಯಾವುದನ್ನು ಆರಿಸಬೇಕು

ಗೃಹಪ್ರವೇಶ ಮುಗಿದು ಒಂದೆರಡು ವರ್ಷ ಕಳೆದ ಮೇಲೆ ಮಹಡಿಯ ಅಡ್ಡಗೋಡೆಯಲ್ಲಿ ಓರೆಯಾದ ಬಿರುಕೊಂದು ಕಾಣಿಸಿಕೊಂಡರೆ ದೂರು ಮೊದಲು ಹೋಗುವುದು ಸಿಮೆಂಟಿನ ಮೇಲೆ, ಆಮೇಲೆ ಮೇಸ್ತ್ರಿಯ ಮೇಲೆ. ಗೋಡೆಯನ್ನು ಹೊತ್ತ ಸ್ಲ್ಯಾಬು ಈ ಎರಡು ವರ್ಷಗಳಲ್ಲಿ ಸದ್ದಿಲ್ಲದೆ ಕೆಲವು ಮಿಲಿಮೀಟರ್ ಕೆಳಕ್ಕೆ ಬಾಗಿದೆ, ಉದ್ದದಲ್ಲಿಯೂ ತುಸು ಕಿರಿದಾಗಿದೆ ಎಂಬುದು ಯಾರ ಗಮನಕ್ಕೂ ಬಂದಿರುವುದಿಲ್ಲ. ಕಾಂಕ್ರೀಟು ಒಣಗುತ್ತಾ ಕಿರಿದಾಗುವುದನ್ನು ಕುಗ್ಗುವಿಕೆ ಎನ್ನುತ್ತೇವೆ. ಮೇಲಿನ ಭಾರ ಹೆಚ್ಚದಿದ್ದರೂ ದಿನ ಕಳೆದಂತೆ ಅದೇ ಭಾರಕ್ಕೆ ಮತ್ತಷ್ಟು ಮಣಿಯುತ್ತಾ ಹೋಗುವುದಕ್ಕೆ ಎಂಜಿನಿಯರುಗಳು ಕ್ರೀಪ್ ಎನ್ನುತ್ತಾರೆ. ಎರಡನ್ನೂ ಪೂರ್ತಿಯಾಗಿ ತಪ್ಪಿಸಲು ಬರುವುದಿಲ್ಲ. ಆದರೆ ಯಾವ ಸಾಮಗ್ರಿ, ಯಾವ ಊರಿನ ಹವೆ, ಯಾವ ದಿನ ಸೆಂಟ್ರಿಂಗ್ ಬಿಚ್ಚುವುದು ಎಂಬುದರ ಮೇಲೆ ಇವು ಎರಡು ಪಟ್ಟು ಹೆಚ್ಚಲೂಬಹುದು, ಅರ್ಧಕ್ಕೆ ಇಳಿಯಲೂಬಹುದು.

ಎರಡರ ಬೇರೂ ಸಿಮೆಂಟಿನ ಪಾಕದಲ್ಲಿಯೇ, ಅಂದರೆ ಸಿಮೆಂಟು ಮತ್ತು ನೀರು ಬೆರೆತ ಭಾಗದಲ್ಲಿಯೇ ಇದೆ. ಗಟ್ಟಿಯಾದ ಪಾಕದ ಅತಿ ಸೂಕ್ಷ್ಮ ರಂಧ್ರಗಳಲ್ಲಿ ನೀರು ಉಳಿದಿರುತ್ತದೆ. ಅದು ಒಣ ಗಾಳಿಗೆ ಆರಿಹೋಗುವಾಗ ರಂಧ್ರದ ಗೋಡೆಗಳು ಒಳಕ್ಕೆ ಎಳೆಯಲ್ಪಟ್ಟು ಪಾಕ ಕುಗ್ಗುತ್ತದೆ. ಭಾರದ ಒತ್ತಡದಲ್ಲಿ ಇದೇ ಪಾಕದ ಸೂಕ್ಷ್ಮ ಪದರಗಳು ನಿಧಾನವಾಗಿ ಜರುಗಿದರೆ ಅದು ಕ್ರೀಪ್. ಒಳ್ಳೆಯ ಕಲ್ಲಿನ ಜಲ್ಲಿ ಮತ್ತು ಮರಳು ಹೆಚ್ಚುಕಡಿಮೆ ಕುಗ್ಗುವುದೂ ಇಲ್ಲ, ಜರುಗುವುದೂ ಇಲ್ಲ. ಪಾಕ ಕುಗ್ಗಲು ಹೊರಟಾಗ ತಡೆದು ನಿಲ್ಲಿಸುವುದು ಅವುಗಳ ಕೆಲಸ. ಹೀಗಾಗಿ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಪಾಕ ಎಷ್ಟು, ಅದರಲ್ಲಿ ನೀರೆಷ್ಟು, ತಡೆಯುವ ಕಲ್ಲು ಎಷ್ಟು ಗಟ್ಟಿ, ಮತ್ತು ಭಾರ ಬೀಳುವ ಹೊತ್ತಿಗೆ ಪಾಕದ ವಯಸ್ಸೆಷ್ಟು. ಚೀಲದ ಮೇಲಿನ ಕಂಪನಿಯ ಹೆಸರು ಈ ನಾಲ್ಕರಲ್ಲಿ ಒಂದನ್ನೂ ತೀರ್ಮಾನಿಸುವುದಿಲ್ಲ, ಆದರೂ ಅಂಗಡಿಯ ಮುಂದೆ ನಿಂತು ನಾವು ಹೆಚ್ಚು ಹೊತ್ತು ಚರ್ಚಿಸುವುದು ಅದನ್ನೇ.

ಎಷ್ಟು ಮಿಲಿಮೀಟರಿನ ಮಾತು

ಪ್ರಯೋಗದ ಅಂಕಿ ಕೈಯಲ್ಲಿ ಇಲ್ಲದಿದ್ದಾಗ ಒಟ್ಟು ಕುಗ್ಗುವಿಕೆಯನ್ನು 0.0003 ಎಂದು ಹಿಡಿಯಬಹುದು ಎನ್ನುತ್ತದೆ ಕಾಂಕ್ರೀಟು ಕೆಲಸಕ್ಕೆ ಇರುವ ನಮ್ಮ ದೇಶದ ಸಂಹಿತೆ ಐಎಸ್ 456:2000. ಅಂದರೆ 10 ಮೀಟರ್ ಉದ್ದದ ಸ್ಲ್ಯಾಬು 3 ಮಿಲಿಮೀಟರ್ ಕಿರಿದಾಗುತ್ತದೆ. ಕೇಳಲು ಅಲ್ಪವೆನಿಸಿದರೂ ಎರಡೂ ತುದಿಯನ್ನು ಕಂಬಗಳು ಬಿಗಿಯಾಗಿ ಹಿಡಿದಿದ್ದರೆ ಈ 3 ಮಿಲಿಮೀಟರ್ ಬಿರುಕುಗಳಾಗಿಯೇ ಹೊರಬರಬೇಕು. ಕ್ರೀಪಿಗೆ ಅದೇ ಸಂಹಿತೆ ಗುಣಾಂಕಗಳನ್ನು ಕೊಟ್ಟಿದೆ: ಭಾರ ಬಿದ್ದದ್ದು 7ನೆಯ ದಿನವಾದರೆ 2.2, 28ನೆಯ ದಿನವಾದರೆ 1.6, ಒಂದು ವರ್ಷದ ಮೇಲಾದರೆ 1.1. ಭಾರ ಬಿದ್ದ ಕೂಡಲೇ ಕಾಂಕ್ರೀಟಿನಲ್ಲಿ ಆದ ವಿಕಾರವನ್ನು (ಅಳತೆಯ ಬದಲಾವಣೆಯನ್ನು) ಈ ಅಂಕಿಯಿಂದ ಗುಣಿಸಿದರೆ ಮುಂದೆ ಕಾಲಕ್ರಮದಲ್ಲಿ ಸೇರಿಕೊಳ್ಳುವ ವಿಕಾರ ಸಿಗುತ್ತದೆ. ತೊಲೆಯೊಂದು ಭಾರ ಬಿದ್ದೊಡನೆ 5 ಮಿಲಿಮೀಟರ್ ಬಾಗಿತು ಎನ್ನೋಣ. ಕಂಬಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೋಡಿದರೆ, 7ನೆಯ ದಿನ ಭಾರ ಹೊತ್ತಿದ್ದಕ್ಕೆ ಇನ್ನೂ 11 ಮಿಲಿಮೀಟರ್, 28ನೆಯ ದಿನ ಹೊತ್ತಿದ್ದಕ್ಕೆ 8 ಮಿಲಿಮೀಟರ್ ಸೇರುತ್ತದೆ. ಕಂಬಿ ಇರುವ ನಿಜವಾದ ತೊಲೆಯಲ್ಲಿ ಇದು ಕಡಿಮೆ, ಆದರೆ ಪ್ರಮಾಣದ ಅಂದಾಜಿಗೆ ಇಷ್ಟು ಸಾಕು. ಅಡ್ಡಗೋಡೆ ಕಟ್ಟಿ ಗಾರೆ ಮುಗಿಸಿದ ಮೇಲೆ ಆಗುವ ಬಾಗು, ಆಧಾರಗಳ ನಡುವಿನ ಅಂತರದ 350ನೇ ಒಂದು ಭಾಗ ಅಥವಾ 20 ಮಿಲಿಮೀಟರ್, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಬಾರದು ಎಂಬ ಮಿತಿ ಇರುವುದು ಈ ಕಾರಣಕ್ಕೆ.

ಇಪ್ಪತ್ತು ವರ್ಷಗಳಲ್ಲಿ ಆಗುವ ಒಟ್ಟು ಕುಗ್ಗುವಿಕೆಯಲ್ಲಿ ಮೊದಲ ಮೂರು ತಿಂಗಳಲ್ಲಿಯೇ ಶೇಕಡಾ 40ರಿಂದ 80, ಮೊದಲ ವರ್ಷದಲ್ಲಿ ಶೇಕಡಾ 66ರಿಂದ 85 ಮುಗಿದಿರುತ್ತದೆ ಎಂದು ದೀರ್ಘಕಾಲದ ಪ್ರಯೋಗಗಳು ತೋರಿಸಿವೆ. ಈ ಅಂಕಿಗಳ ನಡುವಿನ ಅಗಲವನ್ನು ಗಮನಿಸಬೇಕು. ಸಾಮಗ್ರಿ, ಗಾತ್ರ ಮತ್ತು ಹವೆಯ ವ್ಯತ್ಯಾಸವೇ ಆ ಅಗಲ.

ಮೊದಲ ಆಯ್ಕೆ: ನೀರು

ಹವೆ ಒಂದೇ ಆಗಿದ್ದಲ್ಲಿ ಕುಗ್ಗುವಿಕೆಯನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಕಲಸುವಾಗ ಹಾಕಿದ ಒಟ್ಟು ನೀರು, ಅದರ ನಂತರ ಸಿಮೆಂಟಿನ ಪ್ರಮಾಣ ಎಂದು ಸಂಹಿತೆಯೇ ಸ್ಪಷ್ಟವಾಗಿ ಹೇಳುತ್ತದೆ. ಎರಡು ಮಿಶ್ರಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಇದು ಮನದಟ್ಟಾಗುತ್ತದೆ. ಮಿಶ್ರಣದ ವಿನ್ಯಾಸ ಹೇಳುವ ಐಎಸ್ 10262ರ ಪ್ರಕಾರ 20 ಎಂಎಂ ಜಲ್ಲಿಯಲ್ಲಿ 50 ಮಿಲಿಮೀಟರ್ ಸ್ಲಂಪ್ (ಹಸಿ ಕಾಂಕ್ರೀಟು ಎಷ್ಟು ಸಡಿಲ ಎಂಬುದರ ಅಳತೆ) ಬರಲು ಘನ ಮೀಟರಿಗೆ ಸುಮಾರು 186 ಲೀಟರ್ ನೀರು ಬೇಕು. ಸ್ಲಂಪ್ 100 ಮಿಲಿಮೀಟರ್ ಆಗಬೇಕಾದರೆ ಸುಮಾರು ಶೇಕಡಾ 6 ಹೆಚ್ಚು, ಅಂದರೆ 197 ಲೀಟರ್. ನೀರು-ಸಿಮೆಂಟು ಅನುಪಾತವನ್ನು 0.50 ಎಂದು ಇಟ್ಟರೆ ಸಿಮೆಂಟು 394 ಕಿಲೋ. ಇದು ಮೊದಲನೆಯ ಮಿಶ್ರಣ. ಎರಡನೆಯದರಲ್ಲಿ ಕಡಿಮೆ ನೀರಿನಲ್ಲಿಯೂ ಕಾಂಕ್ರೀಟನ್ನು ಸಡಿಲವಾಗಿಡುವ ರಾಸಾಯನಿಕ, ಸೂಪರ್‌ಪ್ಲಾಸ್ಟಿಸೈಜರ್ ಬಳಸಿ ಅದೇ ಸ್ಲಂಪಿಗೆ ನೀರನ್ನು ಶೇಕಡಾ 20 ಕಡಿಮೆ ಮಾಡೋಣ: ನೀರು 158 ಲೀಟರ್, ಅದೇ ಅನುಪಾತಕ್ಕೆ ಸಿಮೆಂಟು 316 ಕಿಲೋ. ಅನುಪಾತ ಒಂದೇ ಆದ್ದರಿಂದ ಬಲವೂ ಹೆಚ್ಚುಕಡಿಮೆ ಒಂದೇ. ಆದರೆ ಪಾಕದ ಗಾತ್ರ ಘನ ಮೀಟರಿಗೆ 322 ಲೀಟರಿನಿಂದ 258 ಲೀಟರಿಗೆ ಇಳಿದು, ಆ ಜಾಗವನ್ನು ಕಲ್ಲು ತುಂಬಿತು. ಕಲ್ಲಿನ ಪಾಲು ಹೆಚ್ಚಿದಂತೆ ಕುಗ್ಗುವಿಕೆ ಅದಕ್ಕಿಂತ ವೇಗವಾಗಿ ಇಳಿಯುತ್ತದೆ ಎಂಬ, ಪಿಕೆಟ್ ಎಂಬ ಸಂಶೋಧಕರ ಸೂತ್ರವನ್ನು ಇಲ್ಲಿಗೆ ಅನ್ವಯಿಸಿದರೆ ಎರಡನೆಯ ಮಿಶ್ರಣದ ಕುಗ್ಗುವಿಕೆ ಸುಮಾರು ಕಾಲು ಭಾಗ ಕಡಿಮೆ. ಘನ ಮೀಟರಿಗೆ ಒಂದೂವರೆ ಚೀಲ ಸಿಮೆಂಟೂ ಉಳಿಯಿತು.

ಇಲ್ಲೊಂದು ಎಚ್ಚರಿಕೆ ಬೇಕು. ಇದೇ ರಾಸಾಯನಿಕವನ್ನು ನೀರು ಕಡಿಮೆ ಮಾಡದೆ, ಕಾಂಕ್ರೀಟು ಸಲೀಸಾಗಿ ಹರಿಯಲಿ ಎಂದು ಮಾತ್ರ ಸುರಿದರೆ ಕುಗ್ಗುವಿಕೆಯಲ್ಲಿ ಏನೂ ಲಾಭವಿಲ್ಲ, ಕೆಲವೊಮ್ಮೆ ತುಸು ಹೆಚ್ಚುತ್ತದೆ ಕೂಡ. ಕುಗ್ಗುವಿಕೆ ತಗ್ಗಿಸಲೆಂದೇ ಮಾಡಿದ ಬೇರೆ ರಾಸಾಯನಿಕಗಳೂ ಇವೆ. ಅವು ರಂಧ್ರದೊಳಗಿನ ನೀರಿನ ಮೇಲ್ಮೈ ಎಳೆತವನ್ನು ಇಳಿಸಿ ಕೆಲಸ ಮಾಡುತ್ತವೆ. ಕೈಗಾರಿಕೆಯ ನೆಲ, ನೀರಿನ ದೊಡ್ಡ ತೊಟ್ಟಿ ಮುಂತಾದ ಕಡೆ ಅವು ಯೋಗ್ಯ. ಸಾಮಾನ್ಯ ಮನೆಗೆ ಅಷ್ಟು ಖರ್ಚು ಮಾಡುವ ಬದಲು ನೀರನ್ನು ಅಳೆದು ಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕ್ಯಾಲ್ಸಿಯಂ ಕ್ಲೋರೈಡ್ ಇರುವ ಬೇಗ ಗಟ್ಟಿಯಾಗಿಸುವ ಪುಡಿಗಳನ್ನು ಕಂಬಿ ಇರುವ ಕಾಂಕ್ರೀಟಿಗೆ ಹಾಕಲೇಬಾರದು. ಕುಗ್ಗುವಿಕೆಯೂ ಹೆಚ್ಚುತ್ತದೆ, ಕಂಬಿಗೂ ತುಕ್ಕು ಹಿಡಿಯುತ್ತದೆ.

ನೀರು ಕಡಿಮೆ ಮಾಡುವುದಕ್ಕೂ ಒಂದು ತಳವಿದೆ. ಅನುಪಾತ ಸುಮಾರು 0.42ಕ್ಕಿಂತ ಕೆಳಗಿಳಿದರೆ ಸಿಮೆಂಟು ತನ್ನ ರಾಸಾಯನಿಕ ಕ್ರಿಯೆಗೆ ಒಳಗಿನ ನೀರನ್ನೇ ಹೀರಿಕೊಂಡು, ಹೊರಗೆ ಒಂದು ಹನಿ ಆರದಿದ್ದರೂ ಕಾಂಕ್ರೀಟು ತಾನಾಗಿಯೇ ಕುಗ್ಗಲು ತೊಡಗುತ್ತದೆ. ಎಂ25, ಎಂ30 ಎಂಬ ಬಲದ ದರ್ಜೆಗಳಲ್ಲಿ (ಅಂಕಿ ಹೆಚ್ಚಿದಷ್ಟೂ ಬಲ ಹೆಚ್ಚು) ಇದು ನಗಣ್ಯ. ಎಂ60ರ ಮೇಲೆ, ಅದರಲ್ಲಿಯೂ ಸಿಲಿಕಾ ಫ್ಯೂಮ್ ಎಂಬ ಅತಿ ನಯವಾದ ಪುಡಿ ಸೇರಿಸಿದ್ದರೆ, ಇದೇ ಮುಖ್ಯ ಕುಗ್ಗುವಿಕೆಯಾಗಬಹುದು. ಬಲ ಹೆಚ್ಚಿದಷ್ಟೂ ಬಿರುಕು ಕಡಿಮೆ ಎಂಬ ನಂಬಿಕೆ ಅಲ್ಲಿ ಹುಸಿಯಾಗುತ್ತದೆ.

ಸಿಮೆಂಟು: ಒಪಿಸಿ, ಪಿಪಿಸಿ, ಪಿಎಸ್‌ಸಿ

ಇಲ್ಲಿ ಕುಗ್ಗುವಿಕೆ ಮತ್ತು ಕ್ರೀಪ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಪಾಕದ ಪ್ರಮಾಣವೂ ನೀರೂ ಒಂದೇ ಆಗಿದ್ದರೆ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟು (ಒಪಿಸಿ), ಹಾರುಬೂದಿ ಬೆರೆಸಿದ್ದು (ಪಿಪಿಸಿ), ಕಿಟ್ಟ ಬೆರೆಸಿದ್ದು (ಪಿಎಸ್‌ಸಿ), ಈ ಮೂರು ಸಿಮೆಂಟುಗಳ ಒಣಗುವ ಕುಗ್ಗುವಿಕೆಯಲ್ಲಿ ದೊಡ್ಡ ಅಂತರ ಕಾಣುವುದಿಲ್ಲ. ಹಾರುಬೂದಿಯ ಕಣಗಳು ದುಂಡಗಿರುವುದರಿಂದ ಅದೇ ಸ್ಲಂಪಿಗೆ ನೀರು ಸ್ವಲ್ಪ ಕಡಿಮೆ ಸಾಕಾಗುತ್ತದೆ, ಅಷ್ಟು ಲಾಭ ಪಿಪಿಸಿಗೆ ಉಂಟು. ಕ್ರೀಪಿನ ಲೆಕ್ಕ ಬೇರೆ. ಅದು ಭಾರ ಬೀಳುವ ದಿನ ಕಾಂಕ್ರೀಟಿಗೆ ಎಷ್ಟು ಬಲ ಬಂದಿದೆ ಎಂಬುದನ್ನು ಅನುಸರಿಸುತ್ತದೆ. ಒಪಿಸಿ 53 ಬೇಗ ಬಲ ಪಡೆಯುತ್ತದೆ. ಶೇಕಡಾ 15ರಿಂದ 35ರವರೆಗೆ ಹಾರುಬೂದಿ ಇರುವ ಪಿಪಿಸಿ, ಶೇಕಡಾ 25ರಿಂದ 70ರವರೆಗೆ ಕಬ್ಬಿಣದ ಕುಲುಮೆಯ ಕಿಟ್ಟ ಇರುವ ಪಿಎಸ್‌ಸಿ, ಇವೆರಡೂ ನಿಧಾನ. ಆದರೆ 28 ದಿನ ದಾಟಿದ ಮೇಲೂ ಇವುಗಳ ಬಲ ಏರುತ್ತಲೇ ಇರುತ್ತದೆ. ಆದ್ದರಿಂದ 7ನೆಯ ದಿನವೇ ಮೇಲಿನ ಮಹಡಿಯ ಭಾರ ಹೊರಿಸಬೇಕಾದ ಅವಸರದ ಕೆಲಸಕ್ಕೆ ಪಿಪಿಸಿ ಹಾಕಿದರೆ ಕ್ರೀಪ್ ಒಪಿಸಿಗಿಂತ ಹೆಚ್ಚು. ಭಾರ ಬೀಳುವುದು ಎರಡು ಮೂರು ತಿಂಗಳ ಮೇಲೆ, ಅಷ್ಟರಲ್ಲಿ ಕ್ಯೂರಿಂಗ್ ಚೆನ್ನಾಗಿ ಆಗಿದೆ ಎನ್ನುವಂತಿದ್ದರೆ ಅದೇ ಪಿಪಿಸಿ, ಪಿಎಸ್‌ಸಿಗಳ ಕ್ರೀಪ್ ಒಪಿಸಿಗಿಂತ ಕಡಿಮೆ.

ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಬಳ್ಳಾರಿಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟ ಎರಡೂ ನಮ್ಮ ರಾಜ್ಯದಲ್ಲಿಯೇ ಸಿಗುವುದರಿಂದ ಈ ಸಿಮೆಂಟುಗಳನ್ನು ಬಿಡಲು ಕಾರಣವಿಲ್ಲ. ಬೇಕಾದುದು ತಾಳ್ಮೆ. ಇವುಗಳಿಗೆ ಕ್ಯೂರಿಂಗ್ ಕೊರತೆಯಾದರೆ ಹೊರಮೈಯ ಪಾಕ ಅರೆಬೆಂದ ಅನ್ನದ ಹಾಗೆ ಉಳಿದು ಕುಗ್ಗುವಿಕೆಯೂ ಬಿರುಕೂ ಒಪಿಸಿಗಿಂತ ಹೆಚ್ಚಾಗುತ್ತವೆ. ದಿನಕ್ಕೆ ಎರಡು ಸಲ ಪೈಪು ಹಿಡಿಯಲು ಆಳು ಸಿಗದ ಜಾಗದಲ್ಲಿ, ಬೇಸಿಗೆಯಲ್ಲಿ, ಪಿಎಸ್‌ಸಿ ಆರಿಸುವುದನ್ನು ನಾನು ಸಲಹೆ ಮಾಡುವುದಿಲ್ಲ.

ಇನ್ನು ಒಪಿಸಿಯ 43 ಮತ್ತು 53 ಎಂಬ ಬಲದ ದರ್ಜೆಗಳ ನಡುವಿನ ಆಯ್ಕೆ. ಹೆಚ್ಚಿನ ಅಂಕಿ ಕಂಡು 53ನ್ನೇ ಹಿಡಿಯುವ ರೂಢಿ ಇದೆ. ಅದು ಬೇಗ ಬಲ ಪಡೆಯುವಂತೆಯೇ ಬೇಗ ಬಿಸಿಯೂ ಆಗುತ್ತದೆ. ಆ ಬಿಸಿ ಆರುವಾಗ ಆಗುವ ಸಂಕೋಚ ಒಣಗುವ ಕುಗ್ಗುವಿಕೆಯ ಜೊತೆ ಸೇರುತ್ತದೆ. ಎಂ25 ಸ್ಲ್ಯಾಬಿಗೆ 43 ಸಾಕು. 53 ಬಳಸುವುದಾದರೆ ಸಿಮೆಂಟಿನ ಪ್ರಮಾಣವನ್ನು ವಿನ್ಯಾಸಕ್ಕೆ ತಕ್ಕಂತೆ ಇಳಿಸಬೇಕು, ಬಲ ಇನ್ನೂ ಹೆಚ್ಚಲಿ ಎಂದು ಅಷ್ಟೇ ಚೀಲ ಸುರಿಯಬಾರದು. ಒಣಗುವ ಕುಗ್ಗುವಿಕೆಯ ಬಿರುಕು ಮೊದಲಾದವುಗಳ ಭಯದಿಂದ ಐಎಸ್ 456, ಹಾರುಬೂದಿ ಮತ್ತು ಕಿಟ್ಟ ಬಿಟ್ಟು, ಘನ ಮೀಟರಿಗೆ 450 ಕಿಲೋ ಸಿಮೆಂಟಿನ ಮೇಲ್ಮಿತಿ ಹಾಕಿದೆ.

ಜಲ್ಲಿ ಮತ್ತು ಮರಳು

ಪಾಕವನ್ನು ಹಿಡಿದು ನಿಲ್ಲಿಸುವ ಶಕ್ತಿ ಕಲ್ಲಿನ ಗಟ್ಟಿತನದಿಂದ ಬರುತ್ತದೆ. ಒತ್ತಿದರೆ ತಾನೇ ಮಣಿಯುವ, ನೀರು ಹೀರುವ ಕಲ್ಲು ಪಾಕವನ್ನು ತಡೆಯಲಾರದು. ಅಮೆರಿಕದಲ್ಲಿ ಟ್ರಾಕ್ಸೆಲ್, ರಫಾಯೆಲ್ ಮತ್ತು ಡೇವಿಸ್ 1958ರಲ್ಲಿ ಪ್ರಕಟಿಸಿದ ದೀರ್ಘಕಾಲದ ಪ್ರಯೋಗಗಳಲ್ಲಿ ಮರಳುಗಲ್ಲಿನ ಜಲ್ಲಿಯ ಕಾಂಕ್ರೀಟು ಸುಣ್ಣಕಲ್ಲಿನ ಜಲ್ಲಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕ್ರೀಪ್ ತೋರಿತು. ಕುಗ್ಗುವಿಕೆಯಲ್ಲಿಯೂ ಮರಳುಗಲ್ಲೇ ಮುಂದೆ. ಗ್ರಾನೈಟು, ಸುಣ್ಣಕಲ್ಲು, ಬೆಣಚುಕಲ್ಲುಗಳದು ಕಡಿಮೆ. ಸಿಮೆಂಟು ಬದಲಿಸಿ ಎರಡು ಪಟ್ಟಿನ ಅಂತರ ತರುವುದು ಕಷ್ಟ, ಕಲ್ಲು ಬದಲಾದರೆ ಅದು ಸುಲಭವಾಗಿ ಬಂದುಬಿಡುತ್ತದೆ.

ಕರ್ನಾಟಕದ ಭೂವಿಜ್ಞಾನ ಈ ವಿಷಯದಲ್ಲಿ ಉದಾರವಾಗಿದೆ, ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಬೆಂಗಳೂರು, ರಾಮನಗರ, ತುಮಕೂರು, ಕೋಲಾರದ ಸುತ್ತಿನ ಗ್ರಾನೈಟು ಮತ್ತು ನೈಸ್ ಕಲ್ಲು ಜಲ್ಲಿಗೆ ಹೇಳಿ ಮಾಡಿಸಿದಂತಿದೆ. ಒಳ್ಳೆಯ ಗ್ರಾನೈಟ್ ಜಲ್ಲಿ ಹೀರುವ ನೀರು ಸಾಮಾನ್ಯವಾಗಿ ಅದರ ತೂಕದ ಶೇಕಡಾ 1ಕ್ಕಿಂತ ಕಡಿಮೆ. ವಿಜಯಪುರ, ಬೀದರ್, ಬೆಳಗಾವಿಯ ಹಲವು ಭಾಗಗಳಲ್ಲಿ ಸಿಗುವುದು ದಖ್ಖನ್ನಿನ ಕಪ್ಪು ಬಸಾಲ್ಟ್. ದಟ್ಟವಾದ ತಾಜಾ ಬಸಾಲ್ಟ್ ಗ್ರಾನೈಟಿಗೆ ಏನೂ ಕಡಿಮೆಯಲ್ಲ. ಆದರೆ ಲಾವಾ ಹರಿವಿನ ಮೇಲ್ಪದರದ ಕಲ್ಲಿನಲ್ಲಿ ಗುಳ್ಳೆಗಳಿದ್ದು, ಅವುಗಳೊಳಗೆ ಬಿಳಿಯ ಖನಿಜವೂ ಮೆತ್ತಗಿನ ಜೇಡಿಯೂ ತುಂಬಿರುತ್ತವೆ. ಅಂಥ ಕಲ್ಲು ತಾನೇ ನೀರು ಕುಡಿದು ಹಿಗ್ಗಿ, ಒಣಗಿ ಕುಗ್ಗಬಲ್ಲುದು. ಸ್ಕಾಟ್ಲೆಂಡಿನ ಕೆಲವು ಡೋಲರೈಟ್ ಕಲ್ಲುಗಳು ಹೀಗೆ ಕುಗ್ಗುವ ಜಲ್ಲಿ ಎಂದೇ ಕುಖ್ಯಾತ. ಉತ್ತರ ಕರ್ನಾಟಕದಲ್ಲಿ ಜಲ್ಲಿ ಕೊಳ್ಳುವವರು ಬಣ್ಣ ಕಪ್ಪಗಿದೆ ಎಂದಷ್ಟೇ ನೋಡದೆ ಕಲ್ಲೊಂದನ್ನು ಒಡೆದು ಒಳಗೆ ಚುಕ್ಕೆ, ಗುಳ್ಳೆ ಇವೆಯೇ ಎಂದು ನೋಡಬೇಕು, ನೀರು ಹೀರುವ ಪರೀಕ್ಷೆಯ ವರದಿಯನ್ನೂ ಕೇಳಬೇಕು. ಬಾದಾಮಿ, ಪಟ್ಟದಕಲ್ಲಿನ ಶಿಲ್ಪಿಗಳಿಗೆ ಒಲಿದ ಮರಳುಗಲ್ಲನ್ನು, ಕರಾವಳಿಯ ಕೆಂಪು ಮುರಕಲ್ಲನ್ನು ಪರೀಕ್ಷೆಯಿಲ್ಲದೆ ಸ್ಲ್ಯಾಬಿನ ಜಲ್ಲಿಯಾಗಿ ಬಳಸುವುದು ತರವಲ್ಲ.

ಜಲ್ಲಿಯ ಗಾತ್ರವೂ ನೀರಿನ ಮೂಲಕವೇ ಕೆಲಸ ಮಾಡುತ್ತದೆ. 20 ಎಂಎಂ ಬದಲು 10 ಎಂಎಂ ಜಲ್ಲಿ ಮಾತ್ರ ಹಾಕಿದರೆ ಅದೇ ಸ್ಲಂಪಿಗೆ 186 ಲೀಟರಿನ ಜಾಗದಲ್ಲಿ 208 ಲೀಟರ್ ಬೇಕು. ಕಂಬಿ ಒತ್ತೊತ್ತಾಗಿರುವ ಕಡೆ ಸಣ್ಣ ಜಲ್ಲಿ ಅನಿವಾರ್ಯ. ಇಡೀ ಸ್ಲ್ಯಾಬಿಗೆ ಅದನ್ನೇ ಬಳಸುವುದು ಬೇಡ. 20 ಮತ್ತು 12 ಎಂಎಂ ಬೆರೆಸಿದರೆ ಸಂದು ಚೆನ್ನಾಗಿ ತುಂಬಿ ಪಾಕ ಉಳಿಯುತ್ತದೆ.

ನದಿ ಮರಳೋ, ಕಲ್ಲು ಅರೆದು ಮಾಡಿದ ಎಂ-ಸ್ಯಾಂಡೋ ಎಂಬ ಚರ್ಚೆ ಈಗ ಬಹುಮಟ್ಟಿಗೆ ಮುಗಿದಿದೆ, ನದಿ ಮರಳು ಸಿಗುವುದೇ ಅಪರೂಪ. ಉಳಿದಿರುವುದು ಎಂಥ ಎಂ-ಸ್ಯಾಂಡ್ ಎಂಬ ಪ್ರಶ್ನೆ. ಐಎಸ್ 383:2016 ನದಿ ಮರಳಿನಲ್ಲಿ 75 ಮೈಕ್ರಾನಿಗಿಂತ ಸಣ್ಣ ಪುಡಿ ಶೇಕಡಾ 3ರವರೆಗೆ ಮಾತ್ರ ಇರಬಹುದು ಎನ್ನುತ್ತದೆ, ಕಲ್ಲು ಪುಡಿ ಮಾಡಿದ ಮರಳಿಗೆ ಶೇಕಡಾ 15ರವರೆಗೆ ಬಿಡುತ್ತದೆ. ಈ ಔದಾರ್ಯಕ್ಕೆ ಕಾರಣ, ನದಿ ಮರಳಿನ ಸಣ್ಣ ಪುಡಿ ಹೆಚ್ಚಾಗಿ ಜೇಡಿ, ಎಂ-ಸ್ಯಾಂಡಿನದು ಕಲ್ಲಿನ ಧೂಳು ಎಂಬ ಎಣಿಕೆ. ಕ್ವಾರಿಯ ಮೇಲ್ಮಣ್ಣು ತೆಗೆಯದೆ ಅರೆದ ಮರಳಿನಲ್ಲಿ ಆ ಎಣಿಕೆ ತಪ್ಪುತ್ತದೆ. ಜೇಡಿ ಸೇರಿದರೆ ನೀರಿನ ಬೇಡಿಕೆಯೂ ಕುಗ್ಗುವಿಕೆಯೂ ಒಟ್ಟಿಗೆ ಏರುತ್ತವೆ. ತೊಳೆದ, ಕಣಗಳು ಚಪ್ಪಟೆಯಾಗಿರದ ಎಂ-ಸ್ಯಾಂಡಿಗೆ ಲೋಡಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ಅದು ಸಿಮೆಂಟಿನಲ್ಲಿಯೂ ನೀರಿನಲ್ಲಿಯೂ ಮರಳಿ ಬರುತ್ತದೆ. ಕ್ರಶರಿನ ಡಸ್ಟನ್ನು ಎಂ-ಸ್ಯಾಂಡ್ ಎಂದು ಮಾರುವುದೂ ಉಂಟು. ಎರಡೂ ಒಂದೇ ಅಲ್ಲ.

ಮಂಗಳೂರೋ ಕಲಬುರಗಿಯೋ

ಸಾಮಗ್ರಿ ಒಂದೇ ಇದ್ದರೂ ಊರು ಬದಲಾದರೆ ಫಲ ಬದಲಾಗುತ್ತದೆ. ಅಮೆರಿಕನ್ ಕಾಂಕ್ರೀಟ್ ಇನ್ಸ್ಟಿಟ್ಯೂಟಿನ 209ನೆಯ ಸಮಿತಿಯ ಸೂತ್ರದಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆಗೆ ತಕ್ಕಂತೆ ಕುಗ್ಗುವಿಕೆಯನ್ನು ತಿದ್ದುವ ಅಂಕಿ ಇದೆ: ಆರ್ದ್ರತೆ ಶೇಕಡಾ 50 ಆದರೆ 0.89, ಶೇಕಡಾ 80 ಆದರೆ 0.58. ಕ್ರೀಪಿಗೆ ಅದೇ ಅಂಕಿಗಳು 0.94 ಮತ್ತು 0.73. ಕರಾವಳಿಯ ತೇವದ ಗಾಳಿಯನ್ನು ಶೇಕಡಾ 80 ಎಂದೂ ಬಯಲುಸೀಮೆಯ ಒಣ ಗಾಳಿಯನ್ನು ಶೇಕಡಾ 50 ಎಂದೂ ಹಿಡಿದರೆ, ಕಲಬುರಗಿಯಲ್ಲಿ 3 ಮಿಲಿಮೀಟರ್ ಕುಗ್ಗುವ ಸ್ಲ್ಯಾಬು ಮಂಗಳೂರಿನಲ್ಲಿ ಸುಮಾರು 2 ಮಿಲಿಮೀಟರಿಗೆ ನಿಲ್ಲುತ್ತದೆ. ಐಎಸ್ 456ರ 0.0003 ಎಂಬ ಒಂದೇ ಅಂಕಿ ಈ ಭೇದವನ್ನು ಮಾಡುವುದಿಲ್ಲ. ಸೇತುವೆಗಳಿಗಾಗಿ ಇರುವ ಐಆರ್‌ಸಿ 112 ಎಂಬ ಸಂಹಿತೆ ಶೇಕಡಾ 50 ಮತ್ತು 80ಕ್ಕೆ ಪ್ರತ್ಯೇಕ ಅಂಕಿಗಳನ್ನು ಕೊಟ್ಟಿದೆ. ಉದ್ದದ ತೊಲೆ, ದೊಡ್ಡ ಸಭಾಭವನದಂಥ ಕೆಲಸಗಳಲ್ಲಿ ಅದನ್ನು ನೋಡುವುದು ಒಳಿತು.

ಹಾಗೆಂದು ಮಂಗಳೂರಿನವರು ನಿಶ್ಚಿಂತರಾಗುವಂತಿಲ್ಲ. ಅಲ್ಲಿನ ಉಪ್ಪಿನ ಗಾಳಿಗೆ ತೆರೆದ ಕಾಂಕ್ರೀಟನ್ನು ಐಎಸ್ 456 ತೀವ್ರ ವರ್ಗಕ್ಕೆ ಸೇರಿಸಿ, ನೀರು-ಸಿಮೆಂಟು ಅನುಪಾತ 0.45ನ್ನು ಮೀರಬಾರದು, ಸಿಮೆಂಟು 320 ಕಿಲೋಗಿಂತ ಕಡಿಮೆಯಾಗಬಾರದು, ದರ್ಜೆ ಎಂ30 ಆದರೂ ಇರಬೇಕು ಎನ್ನುತ್ತದೆ. ನೀರನ್ನು ಕಡಿಮೆ ಮಾಡದೆ 197 ಲೀಟರಿನಲ್ಲಿಯೇ ಈ ಅನುಪಾತ ತರಲು ಹೊರಟರೆ ಸಿಮೆಂಟು 438 ಕಿಲೋ ಆಗಿ, ಗಾಳಿಯ ತೇವದಿಂದ ಸಿಕ್ಕ ಲಾಭದ ಒಂದು ಪಾಲನ್ನು ಹೆಚ್ಚಿದ ಪಾಕವೇ ತಿಂದುಹಾಕುತ್ತದೆ. 158 ಲೀಟರಿನಲ್ಲಿ ಮಾಡಿದರೆ 351 ಕಿಲೋ ಸಾಕು. ಕರಾವಳಿಯಲ್ಲಿ ಸೂಪರ್‌ಪ್ಲಾಸ್ಟಿಸೈಜರ್ ಐಷಾರಾಮವಲ್ಲ ಎನ್ನುವುದು ಇದಕ್ಕೆ. ಉಪ್ಪನ್ನು ಒಳಬಿಡದ ಗುಣದಿಂದ ಪಿಎಸ್‌ಸಿ ಅಲ್ಲಿಗೆ ಹೊಂದುತ್ತದೆ, ತೇವದ ಗಾಳಿ ಅದರ ಕ್ಯೂರಿಂಗಿಗೂ ಅನುಕೂಲ.

ಬಯಲುಸೀಮೆಯ ಏಪ್ರಿಲ್, ಮೇ ತಿಂಗಳ ಸಮಸ್ಯೆ ಇನ್ನೂ ಮೊದಲೇ ಶುರುವಾಗುತ್ತದೆ. ಕಾಂಕ್ರೀಟು ಇನ್ನೂ ಹಸಿಯಾಗಿರುವಾಗಲೇ ಬಿಸಿಲು, ಗಾಳಿಗೆ ಮೇಲ್ಮೈಯ ನೀರು ಗಂಟೆಗೆ ಚದರ ಮೀಟರಿಗೆ 1 ಕಿಲೋಗಿಂತ ಹೆಚ್ಚು ಆರತೊಡಗಿದರೆ, ಕೆಳಗಿನಿಂದ ನೀರು ಮೇಲೇರುವ ಮುನ್ನವೇ ಮೈ ಬಿರಿಯುತ್ತದೆ. ಇದು ಹಾಕಿದ ದಿನವೇ ಕಾಣುವ ಹಸಿಬಿರುಕು, ತಿಂಗಳುಗಟ್ಟಲೆ ನಡೆಯುವ ಒಣಗುವ ಕುಗ್ಗುವಿಕೆಯಲ್ಲ. ಸಿಮೆಂಟು ಬದಲಿಸಿದರೆ ಇದು ಹೋಗುವುದಿಲ್ಲ. ಕಾಂಕ್ರೀಟನ್ನು ಸಂಜೆಗೆ ಹಾಕುವುದು, ಜಲ್ಲಿಯ ರಾಶಿಯನ್ನು ನೆರಳಿನಲ್ಲಿಟ್ಟು ತಣಿಸುವುದು, ಮಟ್ಟ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸುವುದು, ಇವೇ ಉಪಾಯ. ಬೆಂಗಳೂರಿನ ಹವೆ ತಂಪು ಎಂಬ ಭರವಸೆಯೂ ಮಾರ್ಚಿನ ಮಧ್ಯಾಹ್ನ ಕೈಕೊಡುತ್ತದೆ. ಬಿಸಿಲು ಸಹ್ಯವಾಗಿದ್ದರೂ ಆಗ ಗಾಳಿ ಬಹಳ ಒಣಗಿರುತ್ತದೆ.

ದಪ್ಪದ ಪ್ರಭಾವವೂ ಹವೆಯ ಜೊತೆಗೇ ಬರುತ್ತದೆ. ಒಣಗಲು ಬೇಕಾದ ಕಾಲ ಹೆಚ್ಚುಕಡಿಮೆ ದಪ್ಪದ ವರ್ಗಕ್ಕೆ ಅನುಗುಣ. 100 ಮಿಲಿಮೀಟರಿನ ಸಜ್ಜಾ ಒಂದು ಬೇಸಿಗೆಯಲ್ಲಿ ಒಣಗುವಷ್ಟು ಒಣಗಲು 400 ಮಿಲಿಮೀಟರಿನ ತೊಲೆಗೆ ಹದಿನಾರು ಪಟ್ಟು ಕಾಲ ಬೇಕು. ಒಂದೇ ಮನೆಯಲ್ಲಿ ತೆಳುವಾದುದು ಬೇಗ ಕುಗ್ಗಿ, ಅದನ್ನು ಹಿಡಿದ ದಪ್ಪದ ತೊಲೆ ಹಾಗೆಯೇ ಉಳಿದಾಗ ಇವೆರಡರ ಸಂದಿಯಲ್ಲಿ ಬಿರುಕು ಹುಟ್ಟುತ್ತದೆ. ಮುಂಚಾಚಿದ ಬಾಲ್ಕನಿಯ ಪಾಡು ಇನ್ನೂ ಸೂಕ್ಷ್ಮ. ಕುಗ್ಗುವಿಕೆಯಿಂದ ಆಗುವ ಬಾಗಿಗೆ ಐಎಸ್ 456 ಎರಡು ಕಡೆ ಆಧಾರವಿರುವ ತೊಲೆಗೆ 0.125, ಒಂದೇ ಕಡೆ ಹಿಡಿದ ಚಾಚಿಗೆ 0.5 ಎಂಬ ಗುಣಾಂಕ ಕೊಟ್ಟಿದೆ, ಅಂದರೆ ಅದೇ ಉದ್ದಕ್ಕೆ ನಾಲ್ಕು ಪಟ್ಟು. ಅಲ್ಲಿ ಸಾಮಗ್ರಿ ಬದಲಿಸುವುದಕ್ಕಿಂತ ಕೆಳಮೈಗೂ ಒಂದಷ್ಟು ಕಂಬಿ ಕೊಡುವುದು ಹೆಚ್ಚು ಫಲಕಾರಿ. ಮೇಲೆ ಕೆಳಗೆ ಕಂಬಿ ಸರಿಸಮವಾದಷ್ಟೂ ಕುಗ್ಗುವಿಕೆ ಸ್ಲ್ಯಾಬನ್ನು ಬಾಗಿಸುವುದಿಲ್ಲ.

ಕ್ಯೂರಿಂಗ್ ಮತ್ತು ಸೆಂಟ್ರಿಂಗ್ ಬಿಚ್ಚುವ ದಿನ

ಕ್ಯೂರಿಂಗ್ ಹೆಚ್ಚು ಮಾಡಿದಷ್ಟೂ ಕುಗ್ಗುವಿಕೆ ಕಡಿಮೆ ಎಂಬ ಮಾತು ಅರ್ಧ ಸತ್ಯ. ನೆನೆದಿರುವಷ್ಟು ದಿನ ಕಾಂಕ್ರೀಟು ಕುಗ್ಗುವುದಿಲ್ಲ, ನೀರು ನಿಲ್ಲಿಸಿದ ಮೇಲೆ ಕುಗ್ಗಲು ತೊಡಗುತ್ತದೆ. ಕೊನೆಯ ಮೊತ್ತದಲ್ಲಿ ಆಗುವ ವ್ಯತ್ಯಾಸ ಅಲ್ಪವೇ. ಕ್ಯೂರಿಂಗಿನ ನಿಜವಾದ ಲಾಭ ಬೇರೆ ಎರಡು: ಕುಗ್ಗುವಿಕೆ ಶುರುವಾಗುವ ಹೊತ್ತಿಗೆ ಬಿರುಕನ್ನು ತಡೆಯುವಷ್ಟು ಎಳೆಬಲ ಬಂದಿರುತ್ತದೆ, ಮತ್ತು ಮುಂದಿನ ಕ್ರೀಪ್ ಇಳಿಯುತ್ತದೆ. ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿ, ಪಿಎಸ್‌ಸಿಗೆ 10 ದಿನ, ಬಿಸಿಲಿನ ಒಣ ಹವೆಯಲ್ಲಿ ಯಾವುದಕ್ಕೇ ಆದರೂ 10 ದಿನ ಎಂದು ಐಎಸ್ 456 ವಿಧಿಸಿ, ಮಿಶ್ರ ಸಿಮೆಂಟುಗಳಿಗೆ 14 ದಿನ ಒಳ್ಳೆಯದು ಎಂದೂ ಸೇರಿಸಿದೆ. ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು, ಕಂಬಕ್ಕೆ ಒದ್ದೆ ಗೋಣಿಚೀಲ ಸುತ್ತುವುದು ಹಳೆಯ ವಿಧಾನಗಳಾದರೂ ಅವುಗಳಿಗಿಂತ ಮೇಲಾದುದು ಮನೆ ಕೆಲಸಕ್ಕೆ ಇನ್ನೂ ಬಂದಿಲ್ಲ. ಬೆಳಿಗ್ಗೆ ಒದ್ದೆ, ಮಧ್ಯಾಹ್ನ ಒಣ ಎಂಬ ಕ್ಯೂರಿಂಗ್ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ದೃಷ್ಟಿಯಲ್ಲಿ ಮನೆ ಕಟ್ಟುವವರ ಕೈಯಲ್ಲಿರುವ ಅತಿ ಅಗ್ಗದ ಆಯ್ಕೆ ಸೆಂಟ್ರಿಂಗಿನದು. ಊರೆಗಂಬಗಳನ್ನು ತೆಗೆಯಲು ಒಪಿಸಿಗೆ ಸಂಹಿತೆ ಹೇಳುವ ಕನಿಷ್ಠ ಕಾಲ, 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಹೆಚ್ಚಾದರೆ 14 ದಿನ. 6 ಮೀಟರ್‌ವರೆಗಿನ ತೊಲೆಗೆ 14 ದಿನ, ಅದರ ಮೇಲಾದರೆ 21 ದಿನ. ಸೆಂಟ್ರಿಂಗಿನವರು ಬಾಡಿಗೆಯ ಲೆಕ್ಕ ಹಾಕಿ ಇದನ್ನೇ ಗರಿಷ್ಠ ಕಾಲವೆಂಬಂತೆ ನಡೆದುಕೊಳ್ಳುತ್ತಾರೆ. ಸ್ಲ್ಯಾಬು ಬೀಳದಿರಲು ಈ ದಿನಗಳು ಸಾಕು, ಮುಂದೆ ಬಾಗದಿರಲು ಸಾಲವು. ಪಿಪಿಸಿ ಹಾಕಿದ್ದರೆ ಇನ್ನೂ ಒಂದು ವಾರ ಹೆಚ್ಚು ಬಿಡುವುದು ನ್ಯಾಯ. ಬೇಗ ಬಿಚ್ಚುವುದಕ್ಕಿಂತಲೂ ಕೆಟ್ಟದ್ದು, ಕೆಳಗಿನ ಹೊಸ ಸ್ಲ್ಯಾಬಿನ ಊರೆಗಂಬ ತೆಗೆದು ಅದರ ಮೇಲೆಯೇ ಮೇಲಿನ ಸ್ಲ್ಯಾಬಿನ ಹಸಿ ಕಾಂಕ್ರೀಟಿನ ಭಾರ ಹೊರಿಸುವುದು. ಎಳೆಯ ಕಾಂಕ್ರೀಟಿಗೆ ಜೀವಮಾನದ ಅತಿ ದೊಡ್ಡ ಭಾರ ಆಗಲೇ ಬೀಳುತ್ತದೆ. ಒಣಗುತ್ತಿರುವಾಗಲೇ ಭಾರ ಬಿದ್ದರೆ ಆಗುವ ಒಟ್ಟು ವಿಕಾರ, ಕುಗ್ಗುವಿಕೆ ಮತ್ತು ಕ್ರೀಪನ್ನು ಬೇರೆಬೇರೆ ಅಳೆದು ಕೂಡಿಸಿದ್ದಕ್ಕಿಂತ ಹೆಚ್ಚು ಎಂಬುದನ್ನು ಪಿಕೆಟ್ 1942ರಲ್ಲಿಯೇ ತೋರಿಸಿದ್ದರು.

ಅಡ್ಡಗೋಡೆಗಳ ವಿಷಯವೂ ಇಲ್ಲಿಗೇ ಸೇರುತ್ತದೆ. ಅವುಗಳನ್ನು ಮೇಲಿನ ಮಹಡಿಯಿಂದ ಕೆಳಕ್ಕೆ ಕಟ್ಟುತ್ತಾ ಬಂದು, ಗೋಡೆಯ ತಲೆಗೂ ಮೇಲಿನ ಸ್ಲ್ಯಾಬಿಗೂ ನಡುವಿನ ಸಂದನ್ನು ಕೊನೆಯಲ್ಲಿ ಮುಚ್ಚಿದರೆ, ಬಾಗಿನ ಒಂದು ದೊಡ್ಡ ಭಾಗ ಗೋಡೆ ಬಿಗಿಯುವ ಮೊದಲೇ ಮುಗಿದಿರುತ್ತದೆ.

ಕ್ರೀಪ್ ಯಾವಾಗ ಬೇಕು, ಯಾವಾಗ ಬೇಡ

ಎರಡೂ ತುದಿ ಬಿಗಿದ ಎಂ25 ಸ್ಲ್ಯಾಬು 0.0003ರಷ್ಟು ಕುಗ್ಗಲು ಹೊರಟು ಕುಗ್ಗಲಾರದಿದ್ದರೆ, ಲೆಕ್ಕಕ್ಕೆ ಅದರಲ್ಲಿ ಚದರ ಮಿಲಿಮೀಟರಿಗೆ 7.5 ನ್ಯೂಟನ್ ಎಳೆತ ಹುಟ್ಟಬೇಕು. ಬಾಗುವಾಗ ಬಿರಿಯದೆ ತಡೆಯುವ ಅದರ ಎಳೆಬಲವೇ ಸುಮಾರು 3.5. ಆದರೂ ಪ್ರತಿ ಸ್ಲ್ಯಾಬೂ ಸೀಳಿಹೋಗದಿರುವುದಕ್ಕೆ ಒಂದು ಮುಖ್ಯ ಕಾರಣ ಕ್ರೀಪ್. ನಿಧಾನವಾಗಿ ಹುಟ್ಟುವ ಎಳೆತಕ್ಕೆ ಕಾಂಕ್ರೀಟು ನಿಧಾನವಾಗಿ ಮಣಿದು ಅದನ್ನು ಸಡಿಲಿಸುತ್ತದೆ. ಹೀಗಾಗಿ ಕಾಂಪೌಂಡು ಗೋಡೆ, ನೆಲದ ಮೇಲಿನ ಕಾಂಕ್ರೀಟು, ನೀರಿನ ತೊಟ್ಟಿಯಂಥ ಬಿಗಿದು ನಿಂತ ಭಾಗಗಳಿಗೆ ಅತಿ ಹೆಚ್ಚು ಬಲದ, ಸಿಮೆಂಟು ತುಂಬಿದ ಮಿಶ್ರಣ ಆರಿಸುವುದು ತಪ್ಪು ಲೆಕ್ಕ. ಅದು ಹೆಚ್ಚು ಕುಗ್ಗುತ್ತದೆ, ಕಡಿಮೆ ಮಣಿಯುತ್ತದೆ.

ಪೂರ್ವ ಒತ್ತಡದ ತೊಲೆಗಳಲ್ಲಿ ಇದೇ ಕ್ರೀಪ್ ಶತ್ರು. ಎಳೆದು ಬಿಗಿದ ಉಕ್ಕಿನ ತಂತಿಗಳು ಕಾಂಕ್ರೀಟು ಕಿರಿದಾದಷ್ಟೂ ಸಡಿಲವಾಗುತ್ತವೆ. ಪಶ್ಚಿಮ ಪೆಸಿಫಿಕ್‌ನ ಪಲಾವ್ ದ್ವೀಪಗಳಲ್ಲಿ 1977ರಲ್ಲಿ ಕಟ್ಟಿದ ಕೊರೊರ್–ಬಾಬೆಲ್ಡಾವ್ ಸೇತುವೆಯ 241 ಮೀಟರಿನ ನಡುವಣ ಅಂಕಣ ವರ್ಷಗಳುದ್ದಕ್ಕೂ ಬಾಗುತ್ತಾ ಹೋಗಿ ಮಧ್ಯದಲ್ಲಿ ಒಂದು ಮೀಟರಿಗಿಂತ ಹೆಚ್ಚು ಇಳಿಯಿತು; ಅದನ್ನು ಎತ್ತಿ ಸರಿಪಡಿಸಿದ ಕೆಲವೇ ತಿಂಗಳಲ್ಲಿ, 1996ರ ಸೆಪ್ಟೆಂಬರಿನಲ್ಲಿ, ಕುಸಿದು ಇಬ್ಬರು ಸತ್ತರು. ಅಲ್ಲಿನ ಗಾಳಿ ನಮ್ಮ ಕರಾವಳಿಯಂತೆಯೇ ತೇವದಿಂದ ಕೂಡಿದ್ದು ಎಂಬುದನ್ನು ನೆನಪಿಡಬೇಕು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಬಝಾಂಟ್ ಮತ್ತು ಸಂಗಡಿಗರು ಆ ಸೇತುವೆಯ ದಾಖಲೆಗಳನ್ನು ಪರಿಶೀಲಿಸಿ, ವಿನ್ಯಾಸದಲ್ಲಿ ರೂಢಿಯಲ್ಲಿದ್ದ ಸೂತ್ರಗಳು ಹಲವು ದಶಕಗಳ ಕ್ರೀಪನ್ನು ಬಹಳ ಕಡಿಮೆಯಾಗಿ ಎಣಿಸಿದ್ದವು ಎಂದು ತೋರಿಸಿದರು. ದೊಡ್ಡ ಅಂಕಣದ ಕೆಲಸಕ್ಕೆ ಗ್ರಾನೈಟಿನಂಥ ಗಟ್ಟಿ ಜಲ್ಲಿ, ಕಡಿಮೆ ಪಾಕ, ತಂತಿಗಳ ತಡವಾದ ಬಿಗಿತ ಇವು ಮೂರೂ ಬೇಕು. ಬೆಂಗಳೂರಿನ ಮೆಟ್ರೋ ಮೇಲ್ಸೇತುವೆಗಳಂತೆ ತುಂಡುಗಳನ್ನು ಮೊದಲೇ ಅಚ್ಚು ಹಾಕಿ ಆಮೇಲೆ ಜೋಡಿಸುವ ಕ್ರಮದ ಒಂದು ಅನುಕೂಲವೂ ಇದೇ: ಯಾರ್ಡಿನಲ್ಲಿ ಕಾದಿರುವಾಗಲೇ ಕುಗ್ಗುವಿಕೆಯ ಒಂದು ಪಾಲು ಮುಗಿದು, ಬಿಗಿಯುವ ದಿನಕ್ಕೆ ಕಾಂಕ್ರೀಟಿನ ವಯಸ್ಸೂ ಹೆಚ್ಚಿರುತ್ತದೆ.

ಆರ್‌ಎಂಸಿ ತರಿಸುವವರಿಗೆ

ಸಿದ್ಧ ಕಾಂಕ್ರೀಟು ತರಿಸುವಾಗ ದರ್ಜೆಯ ಜೊತೆಗೆ ಮಿಶ್ರಣದ ವಿವರವನ್ನೂ ಬರೆಸಿಕೊಳ್ಳಬೇಕು: ಘನ ಮೀಟರಿಗೆ ನೀರೆಷ್ಟು, ಸಿಮೆಂಟೆಷ್ಟು, ಅದರಲ್ಲಿ ಹಾರುಬೂದಿ ಅಥವಾ ಕಿಟ್ಟ ಎಷ್ಟು, ಜಲ್ಲಿ ಯಾವ ಕಲ್ಲಿನದು. ಎಂ25 ಎಂದಷ್ಟೇ ಹೇಳಿದರೆ ಮೇಲಿನ ಎರಡು ಮಿಶ್ರಣಗಳಲ್ಲಿ ಯಾವುದೂ ಬರಬಹುದು, ಎರಡೂ ಬಲದ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತವೆ. ಗಾಡಿ ಬಂದ ಮೇಲೆ ಸ್ಲಂಪ್ ಕಡಿಮೆ ಇದೆ, ಪಂಪಿನಲ್ಲಿ ಹೋಗುತ್ತಿಲ್ಲ ಎಂದು ಕೆಲಸದವರು ನೀರಿನ ಪೈಪು ತರುವುದು ಮಾಮೂಲು. 6 ಘನ ಮೀಟರಿನ ಗಾಡಿಗೆ 200 ಲೀಟರಿನ ಒಂದು ಡ್ರಮ್ಮು ನೀರು ಸುರಿದರೆ ಘನ ಮೀಟರಿಗೆ 33 ಲೀಟರ್ ಸೇರಿ, 158 ಲೀಟರ್ ಇದ್ದದ್ದು 191 ಆಗುತ್ತದೆ, ಅನುಪಾತ 0.50ರಿಂದ 0.60 ದಾಟುತ್ತದೆ. ಸ್ಲಂಪ್ ಹೆಚ್ಚಿಸಲೇಬೇಕಾದರೆ ಪ್ಲಾಂಟಿನವರಿಂದಲೇ ಸೂಪರ್‌ಪ್ಲಾಸ್ಟಿಸೈಜರ್ ಇನ್ನಷ್ಟು ಹಾಕಿಸಿ ಡ್ರಮ್ಮನ್ನು ತಿರುಗಿಸಬೇಕು, ಅದೂ ಆಗದಿದ್ದರೆ ಆ ಗಾಡಿಯನ್ನು ಹಿಂದಕ್ಕೆ ಕಳುಹಿಸಬೇಕು.